ಏಳುವುದಕ್ಕೊಂದು ಹಾಸಿಗೆ

ಯಾರ ಕೊಟ್ಟಿಗೆಗೆ ಕಾಲಿಟ್ಟರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: "ಮಲಗುತ್ತಾ?" ಹಾಲು ಎಷ್ಟು, ಮೇವು ಏನು, ಸಗಣಿ ಹೇಗಿದೆ ಅನ್ನುವುದೆಲ್ಲ ಆಮೇಲೆ. ಹೊಳಲ್ಕೆರೆ ತಾಲ್ಲೂಕಿನಲ್ಲಿ ಪಶುವೈದ್ಯೆಯಾಗಿ ಊರೂರು ತಿರುಗಿ ನಾನು ಕಲಿತ ಪಾಠ ಇದು. ನೆಮ್ಮದಿಯಾಗಿ ಮಲಗಿ, ಮೆಲುಕು ಹಾಕಿ, ತಾನಾಗಿ ಎದ್ದು ನಿಲ್ಲುವ ಹಸುವಿಗೆ ನನ್ನ ಅಗತ್ಯವಿಲ್ಲ. ಮಲಗದೇ ನಿಂತೇ ಇರುವ ಹಸುವಿಗೆ ಎಲ್ಲೋ ನೋವಿದೆ. ಮಲಗಿ ಏಳಲಾಗದ ಹಸುವಿದ್ದರೆ ನಾನು ತಟ್ಟೆಯಲ್ಲಿ ಕೈ ತೊಳೆದು ಓಡಬೇಕು.

ಕರು ಹಾಕಿದ ಮೇಲೆ ಕೆಲವು ಹಸುಗಳು ಹಾಗೆ ನೆಲ ಹಿಡಿಯುತ್ತವೆ. ಮೈಯಲ್ಲಿನ ಕ್ಯಾಲ್ಸಿಯಂ ಎಲ್ಲ ಹಾಲಿಗೆ ಹೋಗಿ ಕಾಲಿನಲ್ಲಿ ಕಸುವಿರುವುದಿಲ್ಲ. ನಾನು ಹೋಗಿ ರಕ್ತನಾಳಕ್ಕೆ ಔಷಧಿ ಏರಿಸಿ, ಕೆಳಗೆ ದಪ್ಪಗೆ ಹುಲ್ಲು ಹಾಸಿಸಿ, ಮಗ್ಗುಲು ಬದಲಿಸುತ್ತಿರಿ ಎಂದು ಹೇಳಿ ಬರುತ್ತೇನೆ. ಆಮೇಲೆ ಆ ಮನೆಯವರ ಫೋನಿಗೆ ಕಾಯುವುದೇ ಕೆಲಸ. ಬಿ.ದುರ್ಗದ ಕಡೆಯವರು ಆ ಫೋನಿನಲ್ಲಿ ನಮಸ್ಕಾರ ಕೂಡ ಹೇಳುವುದಿಲ್ಲ. ಹಸುವನ್ನೂ ಮನೆಮಗಳ ಹಾಗೆ ಕಾಣುವ ಜನ, "ಎದ್ಲು ಡಾಕ್ಟ್ರಮ್ಮ" ಅನ್ನುತ್ತಾರೆ, ಅಷ್ಟೇ. ಯಾರ ಮನೆ, ಯಾವ ಹಸು ಎಂದು ನಾನೂ ಕೇಳುವುದಿಲ್ಲ. ಆ ಒಂದು ಮಾತಿಗೆ ನನ್ನ ದಿನವೆಲ್ಲ ಹಗುರಾಗುತ್ತದೆ.

ಇಂಥ ನನ್ನ ಮನೆಯಲ್ಲೇ, ನನ್ನ ಅವ್ವ ಮಲಗುತ್ತಿರಲಿಲ್ಲ.

ಅವ್ವ ಇದ್ದದ್ದು ಮಾಡದಕೆರೆಯಲ್ಲಿ, ಅಣ್ಣ ಅತ್ತಿಗೆಯ ಜೊತೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬೆನ್ನಿನ ಮೂಳೆ ಒಂದು ಕಡೆ ಬಿರುಕು ಬಿಟ್ಟಿತು. ಆಸ್ಪತ್ರೆ ಹತ್ತಿರ ಆಗುತ್ತದೆ ಎಂದು ಚಿತ್ರದುರ್ಗದ ನಮ್ಮ ಮನೆಗೆ ಕರೆತಂದೆ. ಅವಳು ಸುಲಭಕ್ಕೆ ಒಪ್ಪಲಿಲ್ಲ. ನೋವಿಗಿಂತ ಅವಳಿಗೆ ದೊಡ್ಡದಾಗಿದ್ದು ಅಳಿಯನ ಮನೆಯಲ್ಲಿ ಇರಬೇಕಲ್ಲ ಎಂಬ ಸಂಕೋಚ.

ನನ್ನ ಗಂಡ ಹಿರಿಯೂರಿನ ಕಾಲೇಜಿನಲ್ಲಿ ಮೇಷ್ಟ್ರು. ದಿನಾ ಬಸ್ಸಿನಲ್ಲಿ ಹೋಗಿ ಬರುವ, ಯಾರಿಗೂ ಗದರದ ಮನುಷ್ಯ. ಆದರೆ ಅವ್ವನಿಗೆ ಅವನು ಅಳಿಯ. ನಮ್ಮ ಕಡೆ ಅತ್ತೆಯಾದವಳು ಅಳಿಯನ ಮುಂದೆ ಕಾಲು ಚಾಚಿ ಕೂರುವುದಿಲ್ಲ. ಅವನು ಒಳಗೆ ಬಂದರೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾಳೆ. ಮಲಗುವ ಮಾತಂತೂ ದೂರವೇ ಉಳಿಯಿತು. ಬೆನ್ನಿಗೆ ಬೆಲ್ಟು ಕಟ್ಟಿಕೊಂಡಿದ್ದಾಗಲೂ ಅವ್ವ ಈ ಪದ್ಧತಿ ಬಿಡಲಿಲ್ಲ. ಪಾಪ ಅವನು ಗೇಟಿನ ಹತ್ತಿರದಿಂದಲೇ, "ಅತ್ತೆ, ಏಳ್ಬ್ಯಾಡ್ರಿ, ನಾನು ಬಂದೆ," ಎಂದು ಕೂಗುತ್ತಿದ್ದ. ಅವನು ಕೂಗಿದ್ದರಿಂದ ಅವ್ವನಿಗೆ ಏಳಲು ಇನ್ನಷ್ಟು ಸಮಯ ಸಿಗುತ್ತಿತ್ತು. ಅವನು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಎದ್ದು ನಿಂತಿರುತ್ತಿದ್ದಳು.

ಮೂಳೆ ಕೂಡಿತು. ಡಾಕ್ಟರು ಬೆಲ್ಟು ತೆಗೆಸಿ, ಇನ್ನು ಮೇಲೆ ಚಾಪೆ ಬೇಡ, ಮಂಚದ ಮೇಲೆ ಒಳ್ಳೆಯ ಹಾಸಿಗೆ ಹಾಕಿ ಮಲಗಿಸಿ ಎಂದರು. ಆಸ್ಪತ್ರೆಯಿಂದ ಬರುವ ದಾರಿಯಲ್ಲೇ ಮೂವರೂ ಒಂದು ಅಂಗಡಿಗೆ ಹೋಗಿ ಹಾಸಿಗೆ ತಂದೆವು. ನಮ್ಮ ಜನ ಹಾಸಿಗೆ ಕೊಳ್ಳುವುದು ಒತ್ತಿ ನೋಡಿ, ತೆಂಗಿನಕಾಯಿ ಅಲ್ಲಾಡಿಸಿ ಕೊಳ್ಳುವ ಹಾಗೆ. ನನ್ನ ಗಂಡ ಅಂಗೈಯಿಂದ ಒತ್ತಿದ. ನಾನು ಮೊಣಕೈಯಿಂದ ಒತ್ತಿದೆ. ಅವ್ವ ಅಂಚಿನಲ್ಲಿ ಕುಳಿತಂತೆ ಮಾಡಿ, ಅಳಿಯ ನೋಡುತ್ತಿದ್ದಾನೆಂದು ಕೂತೂ ಕೂರದೆ ಎದ್ದಳು. ಮೆತ್ತಗಿದೆ, ಚೆನ್ನಾಗಿದೆ ಎಂದು ಮೂವರೂ ಒಪ್ಪಿದೆವು. ಹಾಡುಹಗಲು, ನಾಲ್ಕು ಜನ ಓಡಾಡುವ ಅಂಗಡಿಯಲ್ಲಿ ಯಾರು ಮಲಗಿ ನೋಡುತ್ತಾರೆ? ಆ ಯೋಚನೆ ನಮಗೆ ಯಾರಿಗೂ ಬರಲೇ ಇಲ್ಲ. ಬಂದಿದ್ದರೂ ನಾವು ಮಲಗುತ್ತಿರಲಿಲ್ಲ.

"ಹೆಂಗೈತೆ ಅವ್ವ ಹಾಸಿಗೆ?" ಎಂದು ದಿನಾ ಕೇಳುತ್ತಿದ್ದೆ. "ಚೆನ್ನಾಗೈತೆ ಕಣೇ, ಹೂವಿನಂಗೈತೆ," ಅನ್ನುತ್ತಿದ್ದಳು. ಆದರೆ ಅವಳ ಕಣ್ಣ ಕೆಳಗೆ ಕಪ್ಪು ಬಂದಿತ್ತು. ಕೂತಲ್ಲೇ ತೂಕಡಿಸುತ್ತಿದ್ದಳು. ನಡೆಯುವಾಗ ಮುಂದಕ್ಕೆ ಬಾಗುವುದು ಹೆಚ್ಚಾಗಿತ್ತು.

ಒಂದು ಭಾನುವಾರ ಅವಳ ಕೋಣೆಯ ಹೊದಿಕೆಗಳನ್ನು ಒಗೆಯಲು ತೆಗೆಯುತ್ತಿದ್ದೆ. ಅವ್ವ ತಲೆಗೆ ಎಣ್ಣೆ ಹಚ್ಚದೆ ಇರುವವಳಲ್ಲ. ಹೊಸದುರ್ಗದ ಗಾಣದ ಕೊಬ್ಬರಿ ಎಣ್ಣೆಯೇ ಆಗಬೇಕು, ಅದೂ ಕೈತುಂಬ. ಅವಳ ದಿಂಬಿನ ಕವರು ಮದುವೆಮನೆಗೆ ಹಾಸಿಟ್ಟಂತೆ ಬೆಳ್ಳಗಿತ್ತು. ಒಂದು ಹನಿ ಎಣ್ಣೆಯ ಗುರುತಿಲ್ಲ. ತಲೆ ಎತ್ತಿದರೆ ಮಂಚದ ಪಕ್ಕದ ಗೋಡೆಯ ಮೇಲೆ, ನೆಲದಲ್ಲಿ ಕೂತವರ ತಲೆ ತಾಗುವಷ್ಟು ಎತ್ತರದಲ್ಲಿ, ತಟ್ಟೆಯಗಲದ ಎಣ್ಣೆಯ ಕಲೆ ಕಂಡಿತು.

ನಾನು ಮೂಕಪ್ರಾಣಿಗಳ ಡಾಕ್ಟರು. ಬಾಯಲ್ಲಿ ಹೇಳದ ನೋವನ್ನು ಗುರುತು ನೋಡಿ ಹುಡುಕುವುದೇ ನನ್ನ ಹೊಟ್ಟೆಪಾಡು. ಆ ಕಲೆ ನೋಡಿದ ಕೂಡಲೇ ಎಲ್ಲ ಅರ್ಥವಾಯಿತು. ಅವ್ವನನ್ನು ಕರೆದು ಗೋಡೆ ತೋರಿಸಿದೆ.

"ಏನವ್ವ ಇದು?"

"ಎಣ್ಣೆ ಜಾಸ್ತಿ ಆಗಿರ್ಬೇಕು."

"ಎಣ್ಣೆ ಜಾಸ್ತಿ ಆದ್ರೆ ದಿಂಬಿಗೆ ಆಗ್ಬೇಕು, ಗೋಡೆಗೆ ಯಾಕಾಗ್ತೈತೆ? ರಾತ್ರಿಯೆಲ್ಲ ಕುಂತ್ಕಂಡೇ ಇರ್ತೀಯಾ?"

ಅವಳು ಸೆರಗಿನ ತುದಿಯಿಂದ ಕಲೆ ಒರೆಸಲು ಹೋದಳು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ನಮ್ಮ ತಾಲ್ಲೂಕಿಗೇ ಗೊತ್ತು. ದನದ ಗಾಯಕ್ಕೆ ಸುಣ್ಣ ಮೆತ್ತಿದವರು ನನ್ನ ಬೈಕಿನ ಸದ್ದು ಕೇಳಿದರೆ ಅಟ್ಟ ಹತ್ತುತ್ತಾರೆ. ಅವ್ವ ಮಾತ್ರ ನನ್ನ ಸಿಟ್ಟಿಗೆ ಹೆದರಿದವಳಲ್ಲ. ನಾನು ಕೂಗಾಡಿ ಮುಗಿಸುವವರೆಗೆ ಕಾದು, ಆಮೇಲೆ ನಿಧಾನವಾಗಿ ಹೇಳಿದಳು.

ಹಾಸಿಗೆ ಬಂದ ಹೊಸದರಲ್ಲಿ ಮಲಗಿದ್ದಳಂತೆ. ಒಂದು ಬೆಳಿಗ್ಗೆ ನಾನು ಯಾವುದೋ ಕಷ್ಟದ ಹೆರಿಗೆಗೆಂದು ಮುಂಚೆಯೇ ಹೊಳಲ್ಕೆರೆ ಕಡೆ ಹೊರಟುಬಿಟ್ಟಿದ್ದೆ. ಅವ್ವ ಏಳಲು ನೋಡಿದ್ದಾಳೆ. ಹಾಸಿಗೆ ಕೆಳಕ್ಕೆ ಎಳೆದುಕೊಂಡಿದೆ. ಕೈ ಊರಿದರೆ ಕೈ ಹೂತುಹೋಗುತ್ತದೆ, ಮಗ್ಗುಲಾದರೆ ಮಗ್ಗುಲು ಹೂತುಹೋಗುತ್ತದೆ. ಹೊರಗೆ ಅಳಿಯ ಸ್ನಾನ ಮಾಡಿ ಕಾಫಿ ಕಾಯಿಸಿಕೊಳ್ಳುವ ಸದ್ದು ಕೇಳುತ್ತಿದೆ. ಕೂಗಿದರೆ ಬರುತ್ತಾನೆ. ಬಂದರೆ ಕೈ ಹಿಡಿದು ಎತ್ತಬೇಕಾಗುತ್ತದೆ. ಅವ್ವ ಕೂಗಲಿಲ್ಲ. ಅವನು ಬಾಗಿಲು ಎಳೆದುಕೊಂಡು ಬಸ್ಸಿಗೆ ಹೋಗುವವರೆಗೆ ಹಾಗೇ ಬಿದ್ದಿದ್ದು, ಆಮೇಲೆ ಉರುಳಿ ನೆಲಕ್ಕೆ ಬಿದ್ದು, ತೆವಳಿಕೊಂಡು ಗೋಡೆಯ ಹತ್ತಿರ ಹೋಗಿ, ಗೋಡೆ ಹಿಡಿದು ಎದ್ದಿದ್ದಾಳೆ.

"ಉರುಳಿ ಬಿದ್ಯಾ? ಕೂಡಿರೋ ಮೂಳೆ ಮತ್ತೆ ಮುರಿದಿದ್ರೆ?"

"ಮುರೀಲಿಲ್ಲಲ್ಲ." ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ನೆಲ ಹಿಡಿದ ದನ ನೋಡೀನಿ ಕಣೇ ನಾನು. ಹಗ್ಗ ಕಟ್ಟಿ, ಗಳ ಕೊಟ್ಟು, ನಾಕು ಜನ ಎತ್ತಿ ನಿಲ್ಲಿಸ್ತಾರೆ. ಅದು ಮತ್ತೆ ಕುಸೀತೈತೆ. ಅವತ್ತಿಂದ ಅದನ್ನ ಯಾರೂ ಮೊದ್ಲಿನಂಗೆ ನೋಡಲ್ಲ. ಕುಂತ್ಕಂಡಿದ್ರೆ ಏಳಬೋದು. ಅದಕ್ಕೆ ಮಲಗಾದು ಬಿಟ್ಟೆ."

ಹಸುವಿನ ಬಗ್ಗೆ ನಾನು ಊರಿಗೆಲ್ಲ ಹೇಳುವ ಮಾತನ್ನೇ ಅವ್ವ ತನ್ನ ಬಗ್ಗೆ ಹೇಳಿದ್ದಳು. ಅಳು ಬಂತು, ಅತ್ತುಬಿಟ್ಟೆ. ಅತ್ತಾದ ಮೇಲೆ ಮುಖ ತೊಳೆದು ಡಾಕ್ಟರಿಗೆ ಫೋನು ಮಾಡಿದೆ. ಹೀಗೇ ಕೂತು ರಾತ್ರಿ ಕಳೆದರೆ ಬೆನ್ನು ಬಾಗಿದ ಹಾಗೇ ಗಟ್ಟಿಯಾಗಿಬಿಡುತ್ತದೆ, ಆಮೇಲೆ ನಡಿಗೆಯೂ ಹೋಗುತ್ತದೆ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಅವ್ವ ಮಲಗಲೇಬೇಕು. ಯಾರ ಕೈಯೂ ಇಲ್ಲದೆ ಏಳುತ್ತೇನೆಂಬ ಧೈರ್ಯ ಬರದೆ ಅವಳು ಮಲಗುವವಳಲ್ಲ. ಆ ಧೈರ್ಯವನ್ನು ಕೊಡುವ ಹಾಸಿಗೆ ಬೇಕಿತ್ತು. ಅದನ್ನು ಹುಡುಕಿಯೇ ತೀರುತ್ತೇನೆ ಎಂದು ತೀರ್ಮಾನಿಸಿದೆ. ನಾನು ತೀರ್ಮಾನಿಸಿದರೆ ಮುಗಿಯಿತು, ನನ್ನ ಗಂಡ ಕಾರಿನ ಕೀಲಿ ಹುಡುಕಲು ಹೊರಡುತ್ತಾನೆ.

ಅಂಗಡಿಗೆ ಹೊರಡುವ ಮೊದಲು ಅವ್ವ ಷರತ್ತು ಹಾಕಿದಳು. "ಇದೊಂದ್ಸಲ ಬರ್ತೀನಿ. ಇದೂ ಆಗ್ಲಿಲ್ಲ ಅಂದ್ರೆ ಮತ್ತೆ ನನ್ನ ಹಾಸಿಗೆ ಮಾತು ಎತ್ತಬ್ಯಾಡ. ನನಗೆ ಗೋಡೆನೇ ಸಾಕು."

"ಆಗ್ತೈತೆ, ನಡಿ ಹೋಗಾಣ," ಎಂದೆ.

ಹೆದ್ದಾರಿ ಕಡೆಯ ಆ ಅಂಗಡಿ ದೊಡ್ಡದು. ಸಾಲುಸಾಲಾಗಿ ಹಾಸಿಗೆ ಹಾಸಿದ್ದನ್ನು ನೋಡಿ ಅವ್ವ, "ಛತ್ರ ಇದ್ದಂಗೈತಲ್ಲೇ," ಎಂದಳು. ಅಂಗಡಿಯವನು ಮಾತುಗಾರ. ನೈಸರ್ಗಿಕ ನಾರಿನ ಪಾಕೆಟ್ ಸ್ಪ್ರಿಂಗ್ ಹಾಸಿಗೆ, ಲಕ್ಷುರಿ ಮಾಲು, ಇದರ ಮೇಲೆ ಇನ್ನೊಂದಿಲ್ಲ ಎಂದು ಶುರುಮಾಡಿದ. ಮಾತು ಬೇಡ, ಒಳಗೆ ಏನಿದೆ ತೋರಿಸಪ್ಪ ಎಂದೆ. ಒಬ್ಬಟ್ಟು ಮುರಿದು ಹೂರಣ ತೋರಿಸುವ ಹಾಗೆ, ಕೊಯ್ದಿಟ್ಟ ಒಂದು ತುಂಡು ತಂದ. ಮೇಲೆ ಉಣ್ಣೆ, ಅದರ ಕೆಳಗೆ ಹತ್ತಿ, ಆಮೇಲೆ ತೆಂಗಿನ ನಾರಿನ ಗಟ್ಟಿ ಪದರ, ತಳದಲ್ಲಿ ಸ್ಪ್ರಿಂಗುಗಳು.

ಅವ್ವ ಉಣ್ಣೆಯನ್ನು ಬೆರಳಲ್ಲಿ ಹಿಂಜಿ ಮೂಸಿದಳು. "ಕುರಿ ವಾಸ್ನೆನೇ ಇಲ್ಲ."

"ತೊಳೆದಿರ್ತಾರಮ್ಮ," ಎಂದ ಅಂಗಡಿಯವನು.

"ಎಷ್ಟ್ ತೊಳೆದ್ರೂ ನಮ್ಮ ಕಂಬ್ಳಿ ವಾಸ್ನೆ ಹೋಗಲ್ಲಪ್ಪ. ಒಳ್ಳೇ ಸೋಪು ಇರ್ಬೇಕು ನಿಮ್ಮದು." ನಾರಿನ ಪದರ ನೋಡಿ ಮಾತ್ರ ಅವಳ ಮುಖ ಅರಳಿತು. ಮಾಡದಕೆರೆಯ ಹಿತ್ತಲಲ್ಲಿ ಪಾತ್ರೆ ಉಜ್ಜಲು ಬಿದ್ದಿರುತ್ತಿದ್ದ ನಾರು ಇಷ್ಟು ದೊಡ್ಡ ಅಂಗಡಿಗೆ ಬಂದು ಕೂತಿದೆಯಲ್ಲ ಎಂದು ನಕ್ಕಳು.

ಅಂಗಡಿಯವನು ಸ್ಪ್ರಿಂಗಿನ ವಿಷಯ ಹೇಳಿದ. ಒಂದೊಂದು ಸ್ಪ್ರಿಂಗಿಗೂ ಬೇರೆ ಬೇರೆ ಬಟ್ಟೆಯ ಚೀಲ. ಒಂದನ್ನು ಒತ್ತಿದರೆ ಅದೊಂದೇ ಕುಗ್ಗುತ್ತದೆ, ಪಕ್ಕದ್ದಕ್ಕೆ ಸುದ್ದಿಯೇ ಇಲ್ಲ. ಇಬ್ಬರು ಮಲಗಿದಾಗ ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ.

"ಒಂದೇ ಮನೇಲಿ ಬ್ಯಾರೆ ಬ್ಯಾರೆ ಒಲೆ ಅನ್ನು," ಎಂದಳು ಅವ್ವ.

ಅದನ್ನು ತೋರಿಸಲು ಅವನು ಹಾಸಿಗೆಯ ಒಂದು ತುದಿಯಲ್ಲಿ ಲೋಟದ ತುಂಬ ನೀರಿಟ್ಟು, ಇನ್ನೊಂದು ತುದಿಯಲ್ಲಿ ದೊಪ್ಪನೆ ಕೂರುವಂತೆ ನನ್ನ ಗಂಡನಿಗೆ ಹೇಳಿದ. ಅವನು ಕೂತ, ಎದ್ದ, ಕುಣಿದ. ನೀರು ತುಳುಕಲಿಲ್ಲ. ಮಲಗಿಯೂ ನೋಡುತ್ತೇನೆಂದು ಆ ಕಡೆಯ ಇನ್ನೊಂದು ಹಾಸಿಗೆಗೆ ಹೋಗಿ ಅಡ್ಡಾದವನು ಕ್ಷಣದಲ್ಲಿ ಗೊರಕೆ ಹೊಡೆಯತೊಡಗಿದ. "ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ," ಎಂದೆ ನಾನು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳೇ ಹೊರತು ಅಳಿಯನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಈಗ ನೀನು ಮಲಗಿ ನೋಡು," ಎಂದೆ.

ಅವ್ವ ನನ್ನನ್ನು ನೋಡಿದ ರೀತಿ ನೋಡಬೇಕಿತ್ತು. "ಹಗಲೊತ್ತು! ಇಷ್ಟು ಜನದ ಮುಂದೆ! ಅಳಿಯಂದ್ರು ಅಲ್ಲೇ ಅವ್ರೆ!"

"ನಿದ್ದೆ ಮಾಡ್ತಾವ್ರೆ."

"ನಿದ್ದೆ ಮಾಡಿದ್ರೆ ಅಳಿಯ ಅಲ್ಲ ಅಂತಾ ಆತಾ?"

ಗಂಡನನ್ನು ಎಬ್ಬಿಸಿ ಟೀ ಕುಡಿದು ಬಾ ಎಂದು ಕಳಿಸಿದೆ. ಅವನು ಕಣ್ಣುಜ್ಜಿಕೊಳ್ಳುತ್ತ ಹೋದ. ಆದರೂ ಅವ್ವ ಜಪ್ಪಯ್ಯ ಅನ್ನಲಿಲ್ಲ. ಹಗಲು ಹೆಂಗಸು ಮಲಗಿದರೆ ಮನೆಗೆ ಏಳಿಗೆ ಇಲ್ಲ ಎಂದು ಕೇಳಿ ಬೆಳೆದವಳು. ಜ್ವರ ಬಂದಾಗಲೂ ಕಂಬಕ್ಕೆ ಒರಗಿ ಕೂತಿರುತ್ತಿದ್ದವಳು. ಅಂಗಡಿಯವನ ಮುಂದೆ, ಗಾಜಿನ ಬಾಗಿಲಿನಾಚೆ ರಸ್ತೆಯಲ್ಲಿ ಹೋಗುವವರ ಮುಂದೆ ಮಲಗು ಅಂದರೆ ಹೇಗೆ ಮಲಗಿಯಾಳು? ಕೈಯಿಂದ ಒತ್ತಿ ನೋಡಿ, "ಇದೇ ಇರ್ಲಿ ಬಿಡು," ಅನ್ನತೊಡಗಿದಳು. ಹಳೆಯ ಕತೆಯೇ ಮತ್ತೆ ನಡೆಯುವ ಹಾಗಿತ್ತು.

ಪಕ್ಕದ ಸಾಲಿನಲ್ಲಿ ಇನ್ನಿಬ್ಬರು ಹೆಂಗಸರು ಹಾಸಿಗೆ ಒತ್ತಿ ಒತ್ತಿ ನೋಡುತ್ತಿದ್ದರು. ಬಾಗೂರಿನ ತಾಯಿ ಮಗಳು. ಮಗಳಿಗೆ ಮದುವೆ ಗೊತ್ತಾಗಿ ಮಂಚ ಹಾಸಿಗೆ ಕೊಳ್ಳಲು ಬಂದಿದ್ದರು. ನಮ್ಮ ಚರ್ಚೆಯೆಲ್ಲ ಅವರ ಕಿವಿಗೆ ಬಿದ್ದಿರಬೇಕು. ಆ ತಾಯಿಯೇ ಹತ್ತಿರ ಬಂದು, "ಅಷ್ಟೇ ತಾನೆ? ಮರೆ ಹಿಡುದ್ರಾತು," ಎಂದರು. "ಬಾಣಂತಿಗೆ ನೀರು ಹಾಕೋವಾಗ ಸೀರೆ ಹಿಡಿಯಲ್ವೇನವ್ವ? ಹಂಗೇ ಇದೂನೂವೆ."

ನನಗೆ ಯಾಕೆ ಹೊಳೆದಿರಲಿಲ್ಲವೋ! ಅಂಗಡಿಯವನಿಂದ ಅಗಲವಾದ ಎರಡು ಹೊದಿಕೆ ತರಿಸಿದೆವು. ರಸ್ತೆಯ ಕಡೆಗೆ ತಾಯಿ ಮಗಳು ಒಂದನ್ನು ಎತ್ತಿ ಹಿಡಿದರು. ಅಂಗಡಿಯ ಕಡೆಗಿದ್ದ ಇನ್ನೊಂದರ ಒಂದು ತುದಿಯನ್ನು ಅಲ್ಲಿನ ಬೀರುವಿಗೆ ಸಿಕ್ಕಿಸಿ, ಮತ್ತೊಂದು ತುದಿ ನಾನು ಹಿಡಿದೆ. ಅಂಗಡಿಯವನಿಗೆ ಬೆನ್ನು ತಿರುಗಿಸಿ ನಿಲ್ಲಲು ಹೇಳಿದೆ. ಅವನು ಪಾಪ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ. ಆ ಹೊದಿಕೆಗಳ ಮರೆಯಲ್ಲಿ ಅವ್ವ ಚಪ್ಪಲಿ ಬಿಟ್ಟು, ದೇವರ ಕಡೆ ಕೈಮುಗಿದು, ಮೊದಲ ಹಾಸಿಗೆಯ ಮೇಲೆ ಮಲಗಿದಳು.

ಮಲಗಿದವಳು ಆ ಕ್ಷಣವೇ ಏಳಲು ಶುರುಮಾಡಿದಳು.

"ಅಮ್ಮ, ಮೊದ್ಲು ಮಲಗಿ ಸ್ವಲ್ಪ ಹೊತ್ತು ನೋಡ್ರಿ. ಆಮ್ಯಾಕೆ ಎದ್ದೇಳ್ರಂತೆ," ಎಂದ ಅಂಗಡಿಯವನು, ಕ್ಯಾಲೆಂಡರಿಗೆ ಹೇಳುವ ಹಾಗೆ.

"ಮಲಗಾಕೇನಪ್ಪ, ಬಂಡೆ ಮ್ಯಾಲೂ ಮಲಗ್ತೀನಿ," ಎಂದಳು ಅವ್ವ. "ಏಳಾದು ಹೆಂಗೆ ನೋಡಾಣ."

ಅಂಗಡಿಗೆ ಬರುವವರೆಲ್ಲ ನಿದ್ದೆ ಹೇಗೆ ಬರುತ್ತದೆ ಎಂದು ಕೇಳುತ್ತಾರೆ. ಅವ್ವನಿಗೆ ನಿದ್ದೆಯ ಯೋಚನೆ ಇಲ್ಲ. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಎಂದು ನಂಬಿ ಬದುಕಿದ ಜೀವ ಅದು. ಅವಳ ಪರೀಕ್ಷೆ ಬೆಳಗಿನದು.

ಮೊದಲನೆಯದು ಅಂಗಡಿಯಲ್ಲೇ ದುಬಾರಿ, ಮೋಡದ ಹಾಗೆ ಮೆತ್ತಗೆ. ನನಗಂತೂ ಅದೇ ಇಷ್ಟವಾಗಿತ್ತು. ಅವ್ವ ಮಗ್ಗುಲಾಗಿ ಮೊಣಕೈ ಊರಿದಳು. ಮೊಣಕೈ ಇಳಿದುಹೋಯಿತು. ಇನ್ನೊಮ್ಮೆ ಊರಿದಳು. ಆಗಲಿಲ್ಲ. ಹೊದಿಕೆ ಹಿಡಿದಿದ್ದ ನನ್ನ ಕೈ ತಾನಾಗಿಯೇ ಅವಳ ಕಡೆ ಹೋಯಿತು. "ಕೈ ತೆಗಿ," ಎಂದಳು ಮೆಲ್ಲಗೆ. ತೆಗೆದೆ. ಅವಳು ಹಲ್ಲು ಕಚ್ಚಿ, ಹಾಸಿಗೆಯ ತುದಿ ಹಿಡಿದು, ಹೇಗೋ ಎದ್ದಳು. ಹಣೆಯಲ್ಲಿ ಬೆವರಿತ್ತು. "ಇದು ಬ್ಯಾಡ," ಎಂದಳು.

ಎರಡನೆಯದು ನಡುವೆ ಗಟ್ಟಿ, ಆದರೆ ಅಂಚಿನಲ್ಲಿ ಕೂತರೆ ಜಾರಿ ನೆಲಕ್ಕೆ ಹೋಗುವ ಹಾಗೆ ಬಾಗುತ್ತಿತ್ತು. ಅದೂ ಬೇಡವಾಯಿತು. ಬಾಗೂರಿನ ಹುಡುಗಿ ಕೈ ನೋಯುತ್ತದೆಂದು ಕೈ ಬದಲಿಸಿಕೊಂಡಳು. ಆ ತಾಯಿ, "ಆರಾಮಾಗಿ ನೋಡವ್ವ, ನಮಗೇನು ಅವಸರ ಇಲ್ಲ," ಎಂದರು. ಯಾರೋ, ಏನೋ. ಅವರ ಹೆಸರನ್ನೂ ನಾನು ಕೇಳಲಿಲ್ಲ. ಆದರೆ ಆ ಮಾತನ್ನು ಈಗಲೂ ನೆನೆಯುತ್ತೇನೆ.

ಮೂರನೆಯದರಲ್ಲಿ ಅದೇ ಉಣ್ಣೆ, ಅದೇ ಹತ್ತಿ, ಆದರೆ ತೆಂಗಿನ ನಾರಿನ ಪದರ ದಪ್ಪ, ಅಂಚಿಗೆ ಬಿಗಿಯಾದ ಸ್ಪ್ರಿಂಗು. ಅವ್ವ ಮಲಗಿದಳು. ಮಗ್ಗುಲಾದಳು. ಮಂಡಿ ಮಡಿಸಿ ಕಾಲು ಕೆಳಗಿಳಿಸಿದಳು. ಮೊಣಕೈ ಊರಿದಳು, ಅದು ನಿಂತಿತು. ಅಂಗೈಯನ್ನು ಅಂಚಿಗೆ ಒತ್ತಿದಳು, ಅಂಚು ತಡೆಯಿತು. ಎದ್ದು ಕೂತಳು. ಅಲ್ಲಿಂದ ಹಾಗೇ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ನಮ್ಮ ಯಾರ ಕಡೆಯೂ ನೋಡದೆ ಮತ್ತೆ ಮಲಗಿದಳು. ಮತ್ತೆ ಎದ್ದಳು. ಇನ್ನೊಂದು ಸಲ ಮಲಗಿದಾಗ ಬಾಗೂರಿನವರು ನಗಲು ಶುರುಮಾಡಿದರು, ನಾನೂ ನಕ್ಕೆ, ಅವ್ವನೂ ಮಲಗಿಕೊಂಡೇ ನಕ್ಕಳು. ಅವ್ವ ಮಲಗಿ ನಕ್ಕಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಇದೇ," ಎಂದೆ.

ಬೆಲೆ ಕೇಳಿ ಅವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಕಣೇ."

"ಇದು ಕಾಲು ಚಾಚಾಕಲ್ಲವ್ವ, ಕಾಲು ಊರಾಕೆ," ಎಂದೆ. ಮೊದಲನೆಯದರ ಬಗ್ಗೆ ಅಂಗಡಿಯವನು ಮತ್ತೆ ಮಾತೆತ್ತಿದ. ಅದನ್ನು ನಿಮ್ಮ ಮನೆಗೇ ಒಯ್ಯಪ್ಪ ಎಂದೆ. ನಾವು ಹೊರಡುವಾಗ ಆ ತಾಯಿ ತನ್ನ ಮಗಳಿಗೆ, "ಈಗ ನೀ ಮಲಗಿ ನೋಡು, ನಾ ಹಿಡ್ಕಂತೀನಿ," ಅನ್ನುತ್ತಿದ್ದರು. ಹುಡುಗಿ ನಾಚಿ ಕೆಂಪಾಗಿದ್ದಳು. ಹೊದಿಕೆಯ ಇನ್ನೊಂದು ತುದಿಯನ್ನು ಹಿಡಿಯಲು ಅವ್ವ ವಾಪಸ್ಸು ಹೋದಳು. ಆ ಹುಡುಗಿ ಎದ್ದು ಬರುವವರೆಗೆ ನಾವು ಅಲ್ಲೇ ನಿಂತಿದ್ದೆವು.

ಹಾಸಿಗೆ ಮನೆಗೆ ಬಂದಾಗ ಹೊಸ ತೊಡಕು. ಅದರ ದಪ್ಪಕ್ಕೆ ಮಂಚ ಎತ್ತರವಾಗಿ ಅವ್ವನ ಪಾದ ನೆಲ ಮುಟ್ಟಲಿಲ್ಲ. ಆ ಮಂಚ ಹೊಸದುರ್ಗದಲ್ಲಿ ನನ್ನ ಮಾವ ಮಾಡಿಸಿದ್ದು, ಹೊನ್ನೆ ಮರದ್ದು. ನನ್ನ ಗಂಡ ಅದನ್ನು ಸುತ್ತ ಒಂದು ಸಲ ನೋಡಿ, ಬಡಗಿಗೆ ಫೋನು ಮಾಡಿ, ಕಾಲು ಕುಯ್ಯಬೇಕು ಬಾ ಎಂದ. ಹೊರಗೆ ನಿಂತು ಟೇಪನ್ನು ನನ್ನ ಕೈಗೆ ಕೊಟ್ಟು, "ಅತ್ತೆ ಮಂಡಿ ತಂಕ ಅಳತೆ ನೀನೇ ತಗೊಂಡ್ ಬಾ," ಎಂದ. ಅಳತೆ ತಂದುಕೊಟ್ಟೆ. ಅವರಪ್ಪನ ಮಂಚದ ಕಾಲುಗಳನ್ನು ಕುಯ್ಯುವಾಗ ಅವನು ಪಕ್ಕದಲ್ಲೇ ನಿಂತು, ನಾಲ್ಕೂ ಸಮ ಇವೆಯಾ ಎಂದು ಬಗ್ಗಿ ಬಗ್ಗಿ ನೋಡಿದ. ಆಮೇಲೆ, ಎರಡು ದಿನ ಪರೀಕ್ಷೆಯ ಕೆಲಸ ಇದೆ, ಹಿರಿಯೂರಲ್ಲೇ ಗೆಳೆಯನ ರೂಮಿನಲ್ಲಿ ಉಳಿಯುತ್ತೇನೆ ಎಂದು ಚೀಲ ಹಿಡಿದು ಹೊರಟ. ಆ ವಾರ ಯಾವ ಪರೀಕ್ಷೆಯೂ ಇರಲಿಲ್ಲ. ಅದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ಅವನ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಛತ್ರಿ ಮರೆಯಬೇಡ ಎಂದು ಗದರಿ ಕಳಿಸಿದೆ.

ಅವತ್ತು ನಾನು ಅವ್ವನ ಪಕ್ಕದಲ್ಲೇ ಮಲಗಿದೆ. "ಏಳೋವಾಗ ನನ್ನ ಎಬ್ಬಿಸು. ನಾನು ಮುಟ್ಟಲ್ಲ, ಸುಮ್ನೆ ನೋಡ್ತಿರ್ತೀನಿ," ಎಂದೆ. "ಹ್ಞೂಂ," ಎಂದಳು. ಅವಳ ತಲೆ ದಿಂಬಿಗೆ ತಾಗಿದ್ದನ್ನು ನೋಡಿಯೇ ನಾನು ದೀಪ ಆರಿಸಿದ್ದು. ಅವಳು ಹೊರಳಿದರೂ ಸಾಕು ನನಗೆ ಎಚ್ಚರವಾಗುತ್ತದೆ ಎಂದು ಧೈರ್ಯವಾಗಿದ್ದೆ.

ಎಚ್ಚರವಾದಾಗ ಬೆಳಕಾಗಿತ್ತು. ಪಕ್ಕದಲ್ಲಿ ಅವ್ವ ಇರಲಿಲ್ಲ.

ನಾನು ಮೊದಲು ನೋಡಿದ್ದು ನೆಲವನ್ನು. ಆಮೇಲೆ ಗೋಡೆಯನ್ನು. ಎರಡೂ ಕಡೆ ಅವಳಿಲ್ಲ. ಹಾಸಿಗೆಯಲ್ಲಿ ಅವಳ ಕಡೆಯ ಹೊದಿಕೆ ಮಡಿಸಿ ಇಟ್ಟಿತ್ತು. ದಿಂಬಿನ ನಡುವೆ ಎಣ್ಣೆಯ ದೊಡ್ಡ ಕಲೆ ಇತ್ತು. ಅಡುಗೆಮನೆಯಿಂದ ಪಾತ್ರೆಯ ಸದ್ದು ಬಂತು. ಹೋದರೆ ಒಲೆಯ ಮುಂದೆ ಅವ್ವ ನೆಟ್ಟಗೆ ನಿಂತು ಹಾಲು ಕಾಯಿಸುತ್ತಿದ್ದಳು.

"ಎಬ್ಬಿಸು ಅಂದಿದ್ನಲ್ಲವ್ವ!"

"ಯಾಕೆ ಎಬ್ಬಿಸ್ಲಿ? ಏಳ್ಬೇಕಾಗಿದ್ದು ನಾನು."

"ನನಗೆ ಗೊತ್ತೇ ಆಗ್ಲಿಲ್ಲ."

"ಅದಕ್ಕೇ ತಾನೆ ಆ ಹಾಸಿಗೆ ತಂದಿದ್ದು," ಎಂದಳು. ಉಕ್ಕಲು ಬಂದ ಹಾಲನ್ನು ಇಳಿಸಿದಳು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಹಿರಿಯೂರಿನಿಂದ ನನ್ನ ಗಂಡ. ಅವನು ಏನೂ ಕೇಳಲಿಲ್ಲ, ನಾನು ಹೇಳುವುದಕ್ಕೆ ಕಾಯುತ್ತಿದ್ದ. ಬಿ.ದುರ್ಗದ ಕಡೆಯವರು ಯಾಕೆ ಒಂದೇ ಮಾತು ಹೇಳಿ ಸುಮ್ಮನಾಗುತ್ತಾರೆ ಎಂದು ನನಗೆ ಆಗ ತಿಳಿಯಿತು.

"ಎದ್ಲು," ಎಂದೆ.

ಆ ಕಡೆಯಿಂದ ಅವನು ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಅವ್ವ ಹಾಲಿನ ಪಾತ್ರೆ ಹಿಡಿದುಕೊಂಡೇ ಈ ಕಡೆ ತಿರುಗಿದಳು.

"ಅಳಿಯಂದ್ರ? ಪರೀಕ್ಷೆ ಮುಗೀತಂತಾ ಕೇಳು," ಎಂದಳು. "ಮುಗಿದಿದ್ರೆ ಸಂಜೆ ಊಟಕ್ಕೆ ಬರಾಕೇಳು. ನಾನೇ ನಿಂತು ಬಡಿಸ್ತೀನಿ."